ಕಾರಿನೊಳಗೆ ನೀರು: ಸಿಲಿಕೋನ್ ಹಚ್ಚುವ ಮೊದಲು ಹುಡುಕಬೇಕಾದ ಜಾಗಗಳು

ದಾವಣಗೆರೆ, ಚಿತ್ರದುರ್ಗದ ಕಡೆ ಕಾರು ಸೋರುತ್ತಿದೆ ಅಂತ ಗೊತ್ತಾಗುವುದೇ ತಡ. ವರ್ಷದ ಬಹುಪಾಲು ಬರೀ ಧೂಳು. ತಿಂಗಳುಗಟ್ಟಲೆ ಕೂತ ಎರೆಮಣ್ಣಿನ ಧೂಳು ಮೊದಲ ಮಳೆಗೆ ಕೆಸರಾಗಿ, ನೀರು ಹರಿದುಹೋಗಬೇಕಾದ ತೂತುಗಳನ್ನು ಕಟ್ಟಿಹಾಕುತ್ತದೆ. ಆಮೇಲೆ ಹಸ್ತ, ಚಿತ್ತೆ ಮಳೆ ಜೋರಾಗಿ ಹೊಡೆದಾಗಲೋ ಆಗುಂಬೆ ಕಡೆ ಹೋಗಿ ಬಂದಾಗಲೋ ಮ್ಯಾಟ್ ಎತ್ತಿದರೆ ಕೆಳಗೆ ಪಿಚಪಿಚ. ಹಾರ್ಡ್‌ವೇರ್ ಅಂಗಡಿಯಿಂದ ಸಿಲಿಕೋನ್ ಟ್ಯೂಬ್ ತಂದು ಕಂಡ ಸಂದಿಗೆಲ್ಲ ಮೆತ್ತುವುದು ಅಲ್ಲಿಂದ ಶುರುವಾಗುತ್ತದೆ.

ಅದು ಬೇಡ. ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್‌ನಿಂದ ಹೊರಡುವ ಆಮ್ಲ ತಗಡಿಗೆ ತುಕ್ಕು ಹಿಡಿಸುತ್ತದೆ. ಒಮ್ಮೆ ಅದನ್ನು ಬಳಿದ ಜಾಗಕ್ಕೆ ಮುಂದೆ ಪೇಂಟ್ ಆಗಲಿ, ಒಳ್ಳೆಯ ಸೀಲಂಟ್ ಆಗಲಿ ಕಚ್ಚುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಬಾಗಿಲಿನ ಹೊಟ್ಟೆಯೊಳಕ್ಕೆ, ವೈಪರ್ ಕೆಳಗಿನ ತೊಟ್ಟಿಗೆ, ಸನ್‌ರೂಫ್ ಸುತ್ತಲಿನ ತಟ್ಟೆಗೆ ಮಳೆನೀರು ಇಳಿಯುವುದು ಕಾರು ಕಟ್ಟಿದವರಿಗೇ ಗೊತ್ತಿರುವ ಸಂಗತಿ. ಅದು ಹೊರಗೆ ಹೋಗಲೂ ಅವರೇ ದಾರಿ ಇಟ್ಟಿರುತ್ತಾರೆ. ಸೋರುವ ಕಾರುಗಳಲ್ಲಿ ಹೆಚ್ಚಿನವು ಆ ದಾರಿ ಕಟ್ಟಿಕೊಂಡವು. ಆದ್ದರಿಂದ ಮೊದಲು ಬಿಡಿಸುವ ಕೆಲಸ, ಮುಚ್ಚುವುದೇನಿದ್ದರೂ ಆಮೇಲೆ.

ಯಾವ ನೀರು, ಯಾವಾಗಿನ ನೀರು

ಒದ್ದೆಯಾದ ಜಾಗಕ್ಕೆ ಬಿಳಿ ಟಿಶ್ಯೂ ಒತ್ತಿ ನೋಡಿ. ಬಣ್ಣ ಹತ್ತಿ, ಬೆರಳಿಗೆ ಜಿಡ್ಡುಜಿಡ್ಡಾಗಿ, ಸಿಹಿ ವಾಸನೆ ಬಂದರೆ ಅದು ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ: ಡ್ಯಾಶ್‌ಬೋರ್ಡ್ ಒಳಗಿನ ಹೀಟರ್ ಕೋರ್ (ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್) ಅಥವಾ ಅದರ ಪೈಪು ಸೋರುತ್ತಿದೆ. ಮುಂದಿನ ಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡುಮಂಜು ಕಟ್ಟುವುದು ಇದರ ಇನ್ನೊಂದು ಗುರುತು. ಕೂಲಂಟ್ ವಿಷ, ನಾಲಗೆಗೆ ಮುಟ್ಟಿಸಬೇಡಿ. ಇದು ಗ್ಯಾರೇಜ್ ಕೆಲಸ. ಅಲ್ಲಿಯವರೆಗೆ ಎಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡುತ್ತಿರಿ.

ಬಣ್ಣವಿಲ್ಲದ ತಿಳಿನೀರಾದರೆ ಯಾವಾಗ ಬರುತ್ತದೆ ಅನ್ನುವುದನ್ನು ಗಮನಿಸಿ. ಏಪ್ರಿಲ್ ಬಿಸಿಲಲ್ಲಿ, ಮಳೆಯ ಹನಿಯೂ ಇಲ್ಲದಾಗ ಮುಂದಿನ ಎಡಸೀಟಿನವರ ಕಾಲಡಿ ನೆನೆದರೆ ಅದು ಏಸಿ ನೀರು. ಮಳೆಗೆ ಮಾತ್ರ ನೆನೆದರೆ ಬಾಗಿಲು, ವೈಪರ್ ತೊಟ್ಟಿ, ಗಾಜು, ಡಿಕ್ಕಿ ನೋಡಬೇಕು. ವಾಟರ್ ಸರ್ವಿಸ್ ಮಾಡಿಸಿದಾಗ ಮಾತ್ರ ನೆನೆಯುತ್ತದೆ, ಮಳೆಯಲ್ಲಿ ಏನೂ ಇಲ್ಲ ಅಂದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಪ್ರೆಷರ್ ಗನ್ ಹತ್ತಿರ ಹಿಡಿದರೆ ಒಳ್ಳೆಯ ಬೀಡಿಂಗ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ) ಕೂಡ ನೀರು ಬಿಡುತ್ತದೆ.

ಏಸಿ ನೀರು

ಇದು ಎಲ್ಲಕ್ಕಿಂತ ಸುಲಭ, ಇದನ್ನೇ ಮೊದಲು ಮಾಡಿ. ಕೂಲಿಂಗ್ ಕಾಯಿಲ್ ಮೇಲೆ ಕೂಡುವ ನೀರು ಒಂದು ರಬ್ಬರ್ ಕೊಳವೆಯಲ್ಲಿ ಕಾರಿನ ಕೆಳಗೆ ಹೋಗುತ್ತದೆ. ಏಸಿ ಹಾಕಿ 20 ನಿಮಿಷ ನಿಲ್ಲಿಸಿ ಬಗ್ಗಿ ನೋಡಿ. ಚೆನ್ನಾಗಿ ತಂಪಾಗುತ್ತಿದ್ದೂ ಕೆಳಗೆ ಹನಿ ಬೀಳದಿದ್ದರೆ ಕೊಳವೆ ಕಟ್ಟಿದೆ, ಇಲ್ಲವೇ ಒಳಗಡೆ ಕಳಚಿದೆ. ಬಿಸಿಲು ಚುರುಗುಟ್ಟುವ ಒಣ ಹವೆಯಲ್ಲಿ ಹನಿ ಕಡಿಮೆಯೇ ಇರುತ್ತದೆ, ಹಾಗಾಗಿ ಮೋಡ ಮುಚ್ಚಿದ ಸಂಜೆ ನೋಡುವುದು ಮೇಲು.

ಕೊಳವೆಯ ಬಾಯಿ ಸಾಮಾನ್ಯವಾಗಿ ಎಂಜಿನ್ ಹಿಂದಿನ ತಗಡಿನ ಗೋಡೆಯ ಕೆಳಭಾಗದಲ್ಲಿ, ಎಡಕ್ಕೋ ನಡುವಿಗೋ ಇರುತ್ತದೆ. ಕೊಕ್ಕಿನಂತೆ ಬಾಗಿದ ಕಪ್ಪು ರಬ್ಬರ್. ಎಂಜಿನ್ ಆರಿದ ಮೇಲೆ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಕೆಳಗೆ ಹೋಗಿ. ಬರೀ ಜಾಕ್ ನಂಬಿ ಯಾವತ್ತೂ ಹೋಗಬೇಡಿ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು 10 ಸೆಂಟಿಮೀಟರ್‌ನಷ್ಟು ನಿಧಾನವಾಗಿ ತಿರುಗಿಸುತ್ತ ತೂರಿಸಿ. ಕಬ್ಬಿಣದ ತಂತಿ ಹಾಕಿದರೆ ಕೂಲಿಂಗ್ ಕಾಯಿಲ್‌ಗೇ ತೂತು ಬಿದ್ದೀತು. ಅದನ್ನು ಬದಲಿಸಲು ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು. ಪಂಕ್ಚರ್ ಅಂಗಡಿಯ ಗಾಳಿಯನ್ನು ಪೂರ್ತಿ ಬಿಟ್ಟರೆ ಒಳಗಡೆ ಕೊಳವೆ ಕಳಚಿಕೊಳ್ಳುತ್ತದೆ, ಆಮೇಲೆ ನೀರೆಲ್ಲ ಕಾರ್ಪೆಟ್ಟಿಗೇ. ಕಟ್ಟು ಬಿಟ್ಟಾಗ ಕಂದು ನೀರು ಒಮ್ಮೆಗೇ ಸುರಿಯುತ್ತದೆ, ಮುಖ ಪಕ್ಕಕ್ಕಿರಲಿ.

ಮತ್ತೆ ಕಟ್ಟದಿರಬೇಕಾದರೆ ಗ್ಲವ್‌ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ನೋಡಿ. ಕೆಲವು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಫಿಲ್ಟರ್ ಇರುವುದೇ ಇಲ್ಲ, ಜಾಗ ಖಾಲಿ. ಅಲ್ಲಿಂದ ನುಗ್ಗುವ ಧೂಳು ಒದ್ದೆ ಕಾಯಿಲ್‌ಗೆ ಮೆತ್ತಿ ಕೆಸರಾಗಿ ಇದೇ ಕೊಳವೆಗೆ ಇಳಿಯುತ್ತದೆ. ಹೊಳಲ್ಕೆರೆ ಕಡೆಯ ಗಣಿ ಲಾರಿಗಳ ಹಿಂದೆ ದಿನಾ ಓಡಾಡುವ ಕಾರಿಗೆ ಸರ್ವಿಸ್ ಪುಸ್ತಕದಲ್ಲಿ ಬರೆದಷ್ಟು ದಿನ ಫಿಲ್ಟರ್ ಬಾಳುತ್ತದೆ ಅಂದುಕೊಳ್ಳಬೇಡಿ.

ಮಳೆ ನೀರು: ಪೈಪ್ ಹಿಡಿದು ಹುಡುಕುವುದು

ದುರ್ಗದ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೀರು ಇಳಿಯುವುದು ಒಂದು ಕಡೆ, ತೊಲೆ ಹಿಡಿದು ಹೋಗಿ ತೊಟ್ಟಿಕ್ಕುವುದು ಇನ್ನೊಂದು ಕಡೆ. ಕಾರೂ ಹಾಗೇ. ಹಿಂದಿನ ಸೀಟಿನ ಕಾಲಡಿ ನಿಂತ ನೀರು ಮುಂದಿನ ಬಾಗಿಲಿನದ್ದಿರಬಹುದು. ಸ್ಟೆಪ್ನಿ ಗುಂಡಿಯ ನೀರು ಮೇಲ್ಛಾವಣಿಯ ಆಂಟೆನಾದಿಂದ ಇಳಿದದ್ದಿರಬಹುದು.

ಮ್ಯಾಟ್ ತೆಗೆಯಿರಿ, ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಮೇಲಕ್ಕೆಳೆದು ಬಿಚ್ಚಿ ಕಾರ್ಪೆಟ್ ಅಂಚು ಎತ್ತಿ. ಒಳಗಿನ ತಗಡನ್ನು ಪೂರ್ತಿ ಒಣಗಿಸಿ, ಅನುಮಾನ ಇರುವ ಜಾಗಕ್ಕೆಲ್ಲ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಪೈಪ್ ಹಿಡಿದು ಹೊರಗೆ. ಪೈಪಿಗೆ ನಾಝಲ್ ಬೇಡ, ನೀರು ಬರೀ ಹರಿದರೆ ಸಾಕು. ಕೆಳಗಿನಿಂದ ಮೇಲಕ್ಕೆ ಬನ್ನಿ: ಹೊಸ್ತಿಲು, ಬಾಗಿಲ ಕೆಳಅಂಚು, ಕಿಟಕಿ ಪಟ್ಟಿ, ಮುಂದಿನ ಗಾಜಿನ ಬುಡ, ಕೊನೆಗೆ ಛಾವಣಿ. ಒಂದೊಂದು ಜಾಗಕ್ಕೂ 5 ನಿಮಿಷ ಕೊಡಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವುದು ಎಲ್ಲಿಯದು ಅಂತ ತಿಳಿಯುವುದಿಲ್ಲ. ಪೌಡರ್ ಮೇಲೆ ಹನಿ ಓಡಿದ ಗೆರೆ ಸ್ಪಷ್ಟವಾಗಿ ಕಾಣುತ್ತದೆ; ಗೆರೆಯನ್ನು ಹಿಮ್ಮುಖವಾಗಿ ಮೇಲಕ್ಕೆ ಹಿಂಬಾಲಿಸಿ.

ಹಾಗೂ ಸಿಗದಿದ್ದರೆ ಕಾರನ್ನು ಮನೆ ಮುಂದಿನ ಇಳಿಜಾರಿನಲ್ಲಿ ಒಮ್ಮೆ ಮೂತಿ ಮೇಲಾಗಿ, ಒಮ್ಮೆ ಕೆಳಗಾಗಿ ನಿಲ್ಲಿಸಿ ಇದನ್ನೇ ಮಾಡಿ. ಇನ್ನೊಂದು ಉಪಾಯ: ಗಾಜೆಲ್ಲ ಏರಿಸಿ, ಹೊರಗಾಳಿ ಮೋಡ್‌ನಲ್ಲಿ ಬ್ಲೋವರ್ ಪೂರ್ತಿ ಹಾಕಿ, ಹೊರಗಿನಿಂದ ಬೀಡಿಂಗ್, ಗಾಜಿನ ಅಂಚಿಗೆ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದಲ್ಲಿ ಸಂದಿ ಇದೆ. ಹಿಂದಿನ ಬಂಪರ್ ಒಳಗೆ ಗಾಳಿ ಹೊರಹೋಗುವ ಕಿಂಡಿಗಳು ಇರುತ್ತವೆ, ಅಲ್ಲಿ ಗುಳ್ಳೆ ಬಂದರೆ ಹೆದರಬೇಡಿ.

ವೈಪರ್ ತೊಟ್ಟಿ

ಬೇವು, ಹೊಂಗೆ, ಹುಣಸೆ ಮರದ ನೆರಳಿಗೆ ನಿಲ್ಲುವ ಕಾರುಗಳ ಕಾಯಿಲೆ ಇದು. ಹುಣಸೆಯ ಸಣ್ಣ ಎಲೆ, ಬೇವಿನ ಹೂವು ಜಾಲರಿಯಲ್ಲಿ ನುಸುಳಿ ಒಳಗೆ ಕೊಳೆಯುತ್ತವೆ. ತೊಟ್ಟಿ ತುಂಬಿದರೆ ನೀರು ಬ್ಲೋವರ್ ಬಾಯಿಗೆ ಹೋಗುತ್ತದೆ. ತಿರುವಿನಲ್ಲಿ ಡ್ಯಾಶ್‌ಬೋರ್ಡ್ ಒಳಗೆ ನೀರು ಕುಲುಕಿದ ಸದ್ದು ಕೇಳುವುದುಂಟು. ವೈಪರ್ ಕೂತಿರುವ ಜಾಗಕ್ಕೆ ಗಾಜಿನ ಮೇಲೆ ಟೇಪ್ ಗುರುತು ಹಾಕಿ, ನಟ್ ಬಿಚ್ಚಿ, ಕಡ್ಡಿಗಳನ್ನು ತೆಗೆದು, ಪ್ಲಾಸ್ಟಿಕ್ ಜಾಲರಿ ಎತ್ತಿ. ಕಸವನ್ನು ಕೈಯಿಂದ ತೆಗೆಯಿರಿ, ನೀರು ಬಿಟ್ಟು ತೊಳೆದರೆ ಅದೇ ಕಸ ಕೊಳವೆಗೆ ಹೋಗಿ ಕೂರುತ್ತದೆ. ಆಮೇಲೆ ಒಂದು ಲೀಟರ್ ನೀರು ನಿಧಾನಕ್ಕೆ ಹೊಯ್ಯಿರಿ. ಮುಂದಿನ ಚಕ್ರಗಳ ಹಿಂದೆ ಅಷ್ಟೇ ಸರಾಗವಾಗಿ ಇಳಿಯಬೇಕು.

ಬಾಗಿಲು

ಗಾಜಿನ ಹೊರಪಟ್ಟಿ ದಾಟಿ ನೀರು ಬಾಗಿಲೊಳಕ್ಕೆ ಬರುವುದು, ಕೆಳಅಂಚಿನ ಎರಡು ಮೂರು ತೂತುಗಳಿಂದ ಹೊರಹೋಗುವುದು ದಿನನಿತ್ಯದ ವ್ಯವಹಾರ. ಡೋರ್ ಪ್ಯಾಡ್ (ಬಾಗಿಲಿನ ಒಳಮೈಯ ಹೊದಿಕೆ) ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಆ ನೀರನ್ನು ಕ್ಯಾಬಿನ್ ಕಡೆ ಬಿಡದೆ ಕಾಯುತ್ತದೆ. ಸ್ಪೀಕರ್ ಹಾಕಿಸುವಾಗ, ಸೆಂಟ್ರಲ್ ಲಾಕ್ ಕೂರಿಸುವಾಗ, ಪವರ್ ವಿಂಡೋ ರಿಪೇರಿಯಾಗುವಾಗ ಈ ಹಾಳೆಯನ್ನು ಬ್ಲೇಡಿನಿಂದ ಸೀಳಿ ಹಾಗೇ ಬಿಡುವುದು ಮಾಮೂಲಿ. ಅದನ್ನು ಕಂಪನಿಯವರು ಪೇಂಟ್‌ಗೆ ಹೊದಿಸಿದ ಕವರ್ ಅಂದುಕೊಂಡು ಕಿತ್ತೆಸೆದವರೂ ಇದ್ದಾರೆ. ಅಂಥ ಕೆಲಸ ಮಾಡಿಸಿದ ನಂತರದ ಮಳೆಯಲ್ಲಿ ಸೋರಲು ಶುರುವಾಗಿದ್ದರೆ ಬೇರೆ ಕಡೆ ಹುಡುಕುವ ಮೊದಲು ಇದನ್ನೇ ನೋಡಿ.

ಮೊದಲು ಕೆಳಅಂಚಿನ ತೂತುಗಳಿಗೆ ಪ್ಲಾಸ್ಟಿಕ್ ಕಡ್ಡಿ ಹಾಕಿ ಬಿಡಿಸಿ. ಆಂಟಿ ರಸ್ಟ್ ಕೋಟಿಂಗ್ ಹೊಡೆಸಿದ ಕಾರಿನಲ್ಲಿ ತೂತುಗಳೇ ಮುಚ್ಚಿಹೋಗಿರುವುದುಂಟು, ಬಾಗಿಲು ಅಲ್ಲಾಡಿಸಿದರೆ ಒಳಗೆ ನೀರು ತುಳುಕುತ್ತದೆ. ನಂತರ ಹಿಡಿಕೆಯ ಒಳಗಿನ ಸ್ಕ್ರೂ ಬಿಚ್ಚಿ, ಕ್ಲಿಪ್ ಒಂದೊಂದಾಗಿ ಎಬ್ಬಿಸಿ ಪ್ಯಾಡ್ ತೆಗೆಯಿರಿ. ನಾಲ್ಕಾರು ಕ್ಲಿಪ್ ಮುರಿಯುವುದು ಗ್ಯಾರಂಟಿ, ಮೊದಲೇ ತಂದಿಟ್ಟುಕೊಳ್ಳಿ. ಹಾಳೆ ಹರಿದಿದ್ದರೆ ಗಟ್ಟಿ ಪಾಲಿಥೀನ್ ಶೀಟನ್ನು ಹಳೆಯದರ ಅಳತೆಗೆ ಕತ್ತರಿಸಿ. ತಗಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬ್ಯುಟೈಲ್ ಟೇಪನ್ನು (ಮೆತ್ತಗಿನ ರಬ್ಬರ್ ಅಂಟುಪಟ್ಟಿ) ಎಲ್ಲೂ ತುಂಡಾಗದಂತೆ ಒಂದೇ ಸುತ್ತು ಎಳೆದು, ಹಾಳೆಯನ್ನು ಬಿಗಿಯಾಗಿ ಒತ್ತಿ. ಹಾಳೆಯ ಕೆಳಅಂಚು ಬಾಗಿಲಿನ ಸೀಳಿನೊಳಗೆ ಇಳಿಬಿದ್ದಿರಬೇಕು. ಹೊರಗೇ ಅಂಟಿಸಿದರೆ ಹಾಳೆ ಹೊಸದಾದರೂ ನೀರು ಅದರ ಮೇಲೆ ಜಾರಿ ನಿಮ್ಮ ಕಾರ್ಪೆಟ್ಟಿಗೇ ಬರುತ್ತದೆ.

ಹೊರ ಬೀಡಿಂಗ್ ಪರೀಕ್ಷೆಗೆ ಕಾಗದದ ಚೂರು ಸಾಕು. ಬಾಗಿಲಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಹಿಡಿತ ಸಿಗದೆ ಸರಕ್ಕೆಂದು ಬಂದ ಕಡೆ ಬೀಡಿಂಗ್ ಚಪ್ಪಟೆಯಾಗಿದೆ ಅಥವಾ ಬಾಗಿಲು ಸರಿಯಾಗಿ ಕೂತಿಲ್ಲ.

ಸನ್‌ರೂಫ್, ಡಿಕ್ಕಿ, ಗಾಜು

ಸನ್‌ರೂಫ್‌ನ ರಬ್ಬರ್ ನೀರನ್ನು ಪೂರ್ತಿ ತಡೆಯಲೆಂದು ಇರುವುದಲ್ಲ. ತಟ್ಟೆಯ ಮೂಲೆಯಲ್ಲಿರುವ ತೂತಿಗೆ ಒಂದು ಲೋಟ ನೀರು ಹಾಕಿ, ಕೆಳಗೆ ಬರುತ್ತದೆಯೇ ನೋಡಿ. ಬರದಿದ್ದರೆ ಅದೇ ನೈಲಾನ್ ದಾರ. ಇಲ್ಲಿಯೂ ಗಾಳಿ ಹೊಡೆಸಬೇಡಿ.

ಡಿಕ್ಕಿಯಲ್ಲಿ ನೀರಿದ್ದರೆ ಟೈಲ್ ಲ್ಯಾಂಪ್ ಹಿಂದಿನ ಸ್ಪಂಜು ಗ್ಯಾಸ್ಕೆಟ್ ಮೊದಲ ಅನುಮಾನ. ಹಿಂದಿನಿಂದ ಗುದ್ದಿಸಿಕೊಂಡು ಟಿಂಕರಿಂಗ್ ಆದ ಕಾರಾದರೆ ತಗಡು ಸೇರುವ ಜೋಡಣೆಯಲ್ಲಿ ಸೀಲರ್ ಹಾಕದೆ ಬರೀ ಪೇಂಟ್ ಹೊಡೆದಿರುತ್ತಾರೆ; ಅಲ್ಲಿ ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಪಾಲಿಯುರೆಥೇನ್ ಸೀಮ್ ಸೀಲರ್ ಹಾಕಿಸಬೇಕು. ಪರೀಕ್ಷೆಗೆಂದು ಯಾರನ್ನೂ ಡಿಕ್ಕಿಯೊಳಗೆ ಕೂರಿಸಿ ಮುಚ್ಚಬೇಡಿ, ಹಿಂದಿನ ಸೀಟು ಮಡಚಿ ಒಳಗಿನಿಂದಲೇ ಟಾರ್ಚ್ ಬಿಡಿ.

ಹೆದ್ದಾರಿಯಲ್ಲಿ ಜಲ್ಲಿ ಸಿಡಿದು ಮುಂದಿನ ಗಾಜು ಬದಲಿಸಿದ ಮೇಲೆ ಅದರ ಪಕ್ಕದ ಕಂಬದ ಒಳಗಿನ ಪ್ಲಾಸ್ಟಿಕ್ ಒದ್ದೆಯಾಗುತ್ತಿದ್ದರೆ, ಗಾಜು ಕೂರಿಸಿದವರಿಗೇ ತೋರಿಸಿ. ಅಂಟು ತುಂಡಾದ ಕಡೆ ಮೇಲಿಂದ ಬಳಿಯುವುದು ನಾಲ್ಕು ದಿನದ ಮಾತು. ಅಂಟು ಕೊಯ್ದು ಗಾಜನ್ನು ತೆಗೆದು ಹೊಸದಾಗಿ ಕೂರಿಸಬೇಕು.

ಒಣಗಿಸುವುದು

ಕಾರ್ಪೆಟ್ ಮೇಲ್ಮೈ ಒಣಗಿದ್ದರೂ ಕೆಳಗಿನ ಸ್ಪಂಜು ಲೀಟರ್‌ಗಟ್ಟಲೆ ನೀರು ಹಿಡಿದಿರುತ್ತದೆ. ಸೀಟು ಬಿಚ್ಚುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು 10 ನಿಮಿಷ ಕಾಯಿರಿ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗ್‌ನದ್ದು; ಅದು ಬಿಚ್ಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ, ಸ್ಕ್ಯಾನರ್ ಹಾಕಿಸುವವರೆಗೆ ಆರದೇ ಇರಬಹುದು. ಸ್ಪಂಜಿನ ನೀರನ್ನು ವೆಟ್ ವ್ಯಾಕ್ಯೂಮ್‌ನಿಂದ ಹೀರಿಸಿ, ಅಂಚಿನ ಕೆಳಗೆ ಇಟ್ಟಿಗೆ ಕೊಟ್ಟು, ಟೇಬಲ್ ಫ್ಯಾನ್ ಗಾಳಿ ಒಳಗೆ ಹೋಗುವಂತೆ ಇಡಿ. ಬಿಸಿಲಿಗೆ ನಿಲ್ಲಿಸಿದರೂ ಗಾಜು ಎರಡು ಬೆರಳು ಇಳಿಸಿರಬೇಕು, ಇಲ್ಲದಿದ್ದರೆ ಆವಿ ಅಲ್ಲೇ ಸುತ್ತಿ ಮುಗ್ಗಲು ವಾಸನೆ ಉಳಿಯುತ್ತದೆ. ವೈರ್ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿಯೇ ಜೋಡಿಸಿ.

ಎಲ್ಲ ಜೋಡಿಸುವ ಮೊದಲು ಪೈಪ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಹೊಸ್ತಿಲಿನ ಪಟ್ಟಿಯನ್ನು ಮಾತ್ರ ಒಂದು ನಿಜವಾದ ಮಳೆ ಬಂದುಹೋಗುವವರೆಗೆ ಹಾಕಬೇಡಿ. ಕಾರ್ಪೆಟ್ ಅಂಚು ಎತ್ತಿ ಕೈಯಿಟ್ಟು ನೋಡಲು ಸುಲಭ.