ಸ್ಲೀವ್ ಸರ್ಜರಿಯಲ್ಲಿ ಟ್ರಾನೆಕ್ಸಾಮಿಕ್ ಆ್ಯಸಿಡ್: ನನ್ನ ಅನುಭವ

ಬೊಜ್ಜಿಗೆ ಮಾಡುವ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಸುಮಾರು ಮುಕ್ಕಾಲು ಪಾಲು ಕತ್ತರಿಸಿ ತೆಗೆಯುತ್ತೇವೆ. ಉಳಿದ ಕೊಳವೆಯ ಉದ್ದಕ್ಕೂ ಸ್ಟೇಪ್ಲರ್ ಪಿನ್ನುಗಳ ಸಾಲು. ರಕ್ತ ಹೆಚ್ಚಾಗಿ ಜಿನುಗುವುದು ಅಲ್ಲಿಂದಲೇ. ಆ ಅಂಚಿನಲ್ಲಿ ಕಟ್ಟಿದ ಹೆಪ್ಪನ್ನು ದೇಹದ್ದೇ ಪ್ಲಾಸ್ಮಿನ್ ಎಂಬ ಕಿಣ್ವ ಕರಗಿಸತೊಡಗುತ್ತದೆ; ಟ್ರಾನೆಕ್ಸಾಮಿಕ್ ಆ್ಯಸಿಡ್ ತಡೆಯುವುದು ಅದನ್ನು. ಕಟ್ಟಿದ್ದನ್ನು ಉಳಿಸುವ ಮದ್ದು ಇದು. ಹಾಗಾಗಿ ರಕ್ತ ಕಂಡ ಮೇಲಲ್ಲ, ಮೊದಲೇ ಕೊಡುತ್ತೇನೆ.

ಅರಿವಳಿಕೆ ಆದ ಮೇಲೆ, ಮೊದಲ ಪೋರ್ಟ್‌ಗೆ (ಉಪಕರಣ ತೂರಿಸಲು ಹೊಟ್ಟೆಗೆ ಹಾಕುವ ಕೊಳವೆ) ಮುನ್ನ 1 ಗ್ರಾಂ. 500 ಮಿಗ್ರಾಂನ ಎರಡು ಆಂಪ್ಯೂಲ್‌ಗಳನ್ನು 100 ಮಿಲೀ ಸಲೈನ್‌ಗೆ ಬೆರೆಸಿ 10 ನಿಮಿಷದಲ್ಲಿ ಇಳಿಸಬೇಕು. ಸಿರಿಂಜಿನಿಂದ ಒಮ್ಮೆಲೇ ತಳ್ಳಿದರೆ ಬಿಪಿ ಕುಸಿಯುತ್ತದೆ. ರೋಗಿ 150 ಕಿಲೋ ಇದ್ದರೂ ತೂಕ ನೋಡಿ ಡೋಸ್ ಏರಿಸುವುದಿಲ್ಲ. ಡೋಸ್ ಅತಿಯಾದರೆ ಫಿಟ್ಸ್ ಬರಬಹುದು. ಮದ್ದು ಹೊರಹೋಗುವುದು ಮೂತ್ರದಲ್ಲಿ, ಆದ್ದರಿಂದ ಮೂತ್ರಪಿಂಡ ಸೋತಿದ್ದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ್ದರೆ ಡೋಸ್ ತಗ್ಗಿಸಬೇಕು. ಕಾಲಿನಲ್ಲೋ ಶ್ವಾಸಕೋಶದಲ್ಲೋ ಈಗಾಗಲೇ ಹೆಪ್ಪುಗಟ್ಟಿದ್ದರೆ ಕೊಡಲೇಬಾರದು. ಈ ಆಂಪ್ಯೂಲನ್ನು ಬೆನ್ನಿಗೆ ಚುಚ್ಚುವ ಅರಿವಳಿಕೆ ಮದ್ದು ಬುಪಿವಕೇನ್ ಇರುವ ಟ್ರೇಯಲ್ಲಿ ಇಡಲು ನಾನು ಬಿಡುವುದಿಲ್ಲ. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣವೇ ಹೋಗಬಹುದು.

2022ರ ಪಾಯ್ಸ್-3 ಅಧ್ಯಯನದಲ್ಲಿ ಹೃದಯೇತರ ಶಸ್ತ್ರಚಿಕಿತ್ಸೆಯ 9,535 ರೋಗಿಗಳಿದ್ದರು. ಆರಂಭಕ್ಕೆ 1 ಗ್ರಾಂ, ಕೊನೆಗೆ 1 ಗ್ರಾಂ ಕೊಟ್ಟವರಲ್ಲಿ ಗಂಭೀರ ರಕ್ತಸ್ರಾವ ಶೇ. 9.1, ಕೊಡದವರಲ್ಲಿ ಶೇ. 11.7. ಆದರೆ ಹೃದಯ, ರಕ್ತನಾಳಗಳಿಗೆ ತೊಂದರೆಯಿಲ್ಲ ಎಂಬುದು ಅದರಲ್ಲಿ ಪೂರ್ತಿ ಸಾಬೀತಾಗಲಿಲ್ಲ. ಬೊಜ್ಜಿನವರಲ್ಲಿ ಕಾಲಿನ ಹೆಪ್ಪಿನ ಭಯ ಮೊದಲೇ ಇದೆ. ಅದಕ್ಕೇ ಎರಡನೇ ಡೋಸನ್ನು ಜಿನುಗು ನಿಲ್ಲದಿದ್ದರೆ ಮಾತ್ರ ಕೊಡುವುದು ನನ್ನ ರೂಢಿ.

ಚಿಮ್ಮುವ ರಕ್ತನಾಳಕ್ಕೆ ಈ ಮದ್ದು ಸಾಲದು, ಅಲ್ಲಿ ಕೈಯೇ ಕೆಲಸ ಮಾಡಬೇಕು. ಜಠರದ ಕೆಳತುದಿಯಾದ ಆಂಟ್ರಮ್ ಬಳಿ ಗೋಡೆ ದಪ್ಪ, ಎತ್ತರದ ಪಿನ್ನಿನ ಕಾರ್ಟ್ರಿಜ್ ಬೇಕು. ಸ್ಟೇಪ್ಲರ್ ಮುಚ್ಚಿ 15 ಸೆಕೆಂಡ್ ಕಾದು ಹೊಡೆಯುತ್ತೇನೆ. ಮುಗಿಸುವ ಮುನ್ನ ಹೊಟ್ಟೆ ಉಬ್ಬಿಸಿದ ಗ್ಯಾಸ್‌ನ ಒತ್ತಡವನ್ನು 15ರಿಂದ 8ಕ್ಕೆ ಇಳಿಸಿ, ಮೇಲಿನ ಬಿಪಿಯನ್ನು 130–140ಕ್ಕೆ ಏರಿಸಲು ಅರಿವಳಿಕೆ ತಜ್ಞರನ್ನು ಕೇಳುತ್ತೇನೆ. ಅಡಗಿದ್ದ ಜಿನುಗು ಆಗ ಹೊರಬೀಳುತ್ತದೆ. ಅದಕ್ಕೆ ಕ್ಲಿಪ್ ಅಥವಾ ಹೊಲಿಗೆ ಹಾಕಬೇಕು. ಪಿನ್ನಿನ ಮೇಲೆ ಕಾಟರಿ (ಸುಟ್ಟು ರಕ್ತ ನಿಲ್ಲಿಸುವ ಉಪಕರಣ) ಇಟ್ಟರೆ ಶಾಖ ಲೋಹದಲ್ಲಿ ಹರಡಿ ಗೋಡೆ ಸುಡುತ್ತದೆ, ದಿನಗಳ ನಂತರ ಅಲ್ಲೇ ಸೋರಿಕೆ.

ಕಾಲಿನ ಹೆಪ್ಪು ತಡೆಯುವ ಚುಚ್ಚುಮದ್ದು ಎನಾಕ್ಸಪರಿನ್ 40 ಮಿಗ್ರಾಂ ತಪ್ಪಿಸುವುದಿಲ್ಲ. 6–8 ಗಂಟೆಯ ನಂತರ ನಾಡಿ, ಹಿಮೋಗ್ಲೋಬಿನ್ ನೋಡಿ ಕೊಡುತ್ತೇವೆ. ರಾತ್ರಿ ನಾಡಿ 120 ದಾಟಿದರೆ ಒಳಗೆ ರಕ್ತ ಹೋಗುತ್ತಿರಬಹುದು; ಡ್ರೇನ್ (ರಕ್ತ ಹೊರತರುವ ಕೊಳವೆ) ಖಾಲಿಯಿದೆ ಎಂದು ಸುಮ್ಮನಿರಬಾರದು. ಹೆಪ್ಪು ಡ್ರೇನನ್ನೇ ಮುಚ್ಚಿರಬಹುದು.