ಮಣ್ಣಿನ ಮಾಳಿಗೆ ಕೆಡವದೆ ಉಳಿಸಿದ್ದು: ನನ್ನ ಅನುಭವ

ಕಲಬುರಗಿಯ ಶಹಾಬಜಾರಿನಲ್ಲಿ ನಾನು ದುರಸ್ತಿ ಮಾಡಿಸಿದ ಹಳೇ ವಾಡೆಯ, ಅಂದರೆ ದೊಡ್ಡ ಮನೆಯ, ಮಾಳಿಗೆ (ಚಾವಣಿ) ಈ ಮಳೆಗಾಲದಲ್ಲೂ ಸೋರಲಿಲ್ಲ. "ಮಣ್ಣಿನ ಮನಿ ಹಿಡ್ಕೊಂಡು ಏನ್ ಮಾಡ್ತೀರಿ, ಕೆಡವಿ ಸ್ಲ್ಯಾಬ್ ಹಾಕ್ರಿ" ಅಂದಿದ್ದ ಇಂಜಿನಿಯರುಗಳೇ ಈಗ ಮೇಲೆ ಹತ್ತಿ, ಕಾಲಿಂದ ಒತ್ತಿ ನೋಡಿ ಹೋಗುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹಳೇ ಮನೆ ದುರಸ್ತಿ ಮಾಡುವವರಿಗಾಗಿಯೇ ಬರೆದದ್ದು, ಹಾಗಾಗಿ ಜಂತಿ ಅಂದರೆ ತೊಲೆಗಳ ಮೇಲೆ ಅಡ್ಡ ಹಾಸುವ ಸಣ್ಣ ಮರ, ಗಚ್ಚು ಅಂದರೆ ಸುಣ್ಣದ ಗಾರೆ ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮನೆ ನಿಜಾಮರ ಕಾಲದ್ದು, 1920ರ ಆಚೀಚೆ ಕಟ್ಟಿದ್ದು. ಎರಡೂವರೆ ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಸಾಗವಾನಿ ತೊಲೆ, ಪಡಸಾಲೆಯ ಕಂಬಗಳ ಮೇಲೆ ತೊಲೆಗೆ ಆಸರೆಯಾಗಿ ಹೂವು ಕೆತ್ತಿದ ಬೋದಿಗೆ. ಹಿಂದೆ ಯಾರೋ ಮಾಳಿಗೆಯ ಮಣ್ಣಿನ ಮೇಲೆಯೇ ಸಿಮೆಂಟ್ ಎರೆದಿದ್ದರು, ಹೊರಗೋಡೆಗೂ ಸಿಮೆಂಟ್ ಗಿಲಾವ್ (ಪ್ಲಾಸ್ಟರ್) ಹೊಡೆದಿದ್ದರು. 2020ರ ಅಕ್ಟೋಬರ್ ಮಳೆಗೆ ಪಡಸಾಲೆಯ ಒಂದು ತೊಲೆ ಗೋಡೆ ಕಡೆಗೆ ಕುಸಿಯಿತು. ಕಟ್ಟಿಗೆ ಮುದಿಯಾಗಿದೆ ಅಂತ ಎಲ್ಲರೂ ತೀರ್ಪು ಕೊಟ್ಟರು.

ನಾನು ದಬ್ಬಣ ಹಿಡಿದು ಒಂದೊಂದೇ ತೊಲೆ ಚುಚ್ಚಿದೆ. ನಡುವೆ ಎಲ್ಲಿ ಒತ್ತಿದರೂ ತುದಿ ಜಾರಿತೇ ಹೊರತು ಒಳಗೆ ಇಳಿಯಲಿಲ್ಲ. ಸುತ್ತಿಗೆಯಿಂದ ಬಡಿದರೆ ಠಣ್ ಅನ್ನುತ್ತಿತ್ತು. ಗೋಡೆಯೊಳಗೆ ಕೂತಿದ್ದ ಕೊನೆಯ ಒಂದು ಗೇಣು ಮಾತ್ರ ದಬ್ಬಣ ಹಿಡಿಕೆ ತನಕ ನುಂಗಿತು. ನೂರು ವರ್ಷದ ಸಾಗವಾನಿ ಕೆಟ್ಟದ್ದು ವಯಸ್ಸಿನಿಂದ ಅಲ್ಲ. ಸಿಮೆಂಟ್ ಗಿಲಾವಿನ ಹಿಂದೆ ನೀರು ಹೊರಗೆ ಹೋಗಲಾರದೆ ನಿಂತು, ತೊಲೆಯ ತುದಿಯನ್ನು ಕೊಳೆಸಿತ್ತು. ಒರಲಿ ಬಂದದ್ದೂ ಆ ಹಸಿಗೇ. ಹೊರಗಿನ ಗಿಲಾವಿಗೆ ಉಳಿ ಹಾಕಿದಾಗ ದೊಡ್ಡ ದೊಡ್ಡ ಹೊಪ್ಪಳಿಕೆಯಾಗಿ ಕಳಚಿ ಬಿತ್ತು. ಹಿಂದಿನ ಮಣ್ಣು ಫೆಬ್ರವರಿಯಲ್ಲೂ ಕೈಗೆ ಮೆತ್ತಿಕೊಳ್ಳುವಷ್ಟು ಹಸಿ. ಆ ಗೋಡೆಯನ್ನು ಒಂದು ಪೂರ್ತಿ ಬೇಸಿಗೆ ಬತ್ತಲೆ ಬಿಟ್ಟೆ. ಮಾಲಕರು, ನಾನು ಅವರನ್ನು ಕಾಕಾ ಅಂತೀನಿ, ಓಣಿಯವರ ಮಾತು ಕೇಳಿ ಕೇಳಿ ಬೇಸತ್ತರು. ಆದರೂ ತಡೆದುಕೊಂಡರು, ಅವರ ಋಣ ದೊಡ್ಡದು.

ಈಗ ಭಾರದ ಲೆಕ್ಕ. ನಮ್ಮ ಕಡೆ ವರ್ಷಾ ವರ್ಷ ಮಾಳಿಗೆಗೆ ಚೌಳು ಮಣ್ಣು ಹಾಕುತ್ತಾರೆ. ಅದರಲ್ಲಿ ಹಿರಿಯರ ತಿಳಿವಳಿಕೆ ಇದೆ: ಚೌಳಿಗೆ ನೀರು ಬಿದ್ದರೆ ಕಣಗಳು ಬಿಡಿಸಿಕೊಂಡು ಸಂದು ಮುಚ್ಚುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ. ಆದರೆ ಹಾಕುವವರು ಹಾಕುತ್ತ ಹೋದರು, ಹಳೆಯದನ್ನು ಯಾರೂ ತೆಗೆಯಲಿಲ್ಲ. ಅಗೆದಾಗ ಒಂದೂವರೆ ಅಡಿಗೂ ಮೇಲೆ ಮಣ್ಣು ಸಿಕ್ಕಿತು. ಒಂದು ಘನ ಅಡಿ ಹಸಿ ಮಣ್ಣು ಸುಮಾರು 50 ಕೆ.ಜಿ. ಅಂದರೆ ಒಂದು ಚದರ ಅಡಿಯ ಮೇಲೆ 75 ಕೆ.ಜಿ. ಹತ್ತು ಅಡಿಗೆ ಹತ್ತು ಅಡಿಯ ಒಂದೇ ಅಂಕಣ, ಅಂದರೆ ಕಂಬಗಳ ನಡುವಿನ ಒಂದು ಭಾಗ, ಏಳೂವರೆ ಟನ್ ಹೊತ್ತು ನಿಂತಿತ್ತು. ಆ ಭಾರ ಹೊತ್ತ ಕಟ್ಟಿಗೆಗೆ ಮುದಿ ಅಂತ ಹೆಸರಿಟ್ಟರು!

ಮಣ್ಣು ಇಳಿಸುವಾಗ ಎಲ್ಲ ಅಂಕಣದಿಂದಲೂ ಸಮಸಮ ಇಳಿಸಬೇಕು. ಒಂದು ಕಡೆ ಖಾಲಿ ಮಾಡಿ ಇನ್ನೊಂದು ಕಡೆ ಭಾರ ಬಿಟ್ಟರೆ ಮಣ್ಣಿನ ಗೋಡೆ ವಾಲುತ್ತದೆ. ಬೀದರಿನ ಒಂದು ಮನೆಯಲ್ಲಿ ಹಾಗೆ ಆಗಿದ್ದನ್ನು ಕಣ್ಣಾರೆ ಕಂಡಿದ್ದೆ. ಕೆಳಗೆ ಜ್ಯಾಕಿ ಕೊಟ್ಟು, ತೊಲೆಯ ಕೊಳೆತ ತುದಿ ಕತ್ತರಿಸಿ, ಕೆಡವಿದ ವಾಡೆಗಳಿಂದ ತಂದ ಹಳೇ ಸಾಗವಾನಿಯನ್ನು ಓರೆ ಕಚ್ಚು ಹಾಕಿ ಬೋಲ್ಟಿನಿಂದ ಜೋಡಿಸಿದೆವು. ಸರಿಯಾಗಿ ಒಣಗದ ಹೊಸ ಸಾಗವಾನಿ ಹಳೆಯದರ ಪಕ್ಕ ಒಗ್ಗುವುದಿಲ್ಲ, ಒಣಗುತ್ತ ತಿರುಚುತ್ತದೆ. ತುದಿಯನ್ನು ಗೋಡೆಯಲ್ಲಿ ಕೂರಿಸುವಾಗ ಕೆಳಗೆ ಫರ್ಸಿ ಕಲ್ಲಿನ ತುಂಡು, ಸುತ್ತ ಎರಡು ಬೆರಳು ಗಾಳಿ. ಆ ಸಂದಿನೊಳಗೆ ಗಚ್ಚು ತುಂಬಲು ಗೌಂಡಿಗಳ ಕೈ ತುರಿಸುತ್ತದೆ, ಎದುರು ನಿಂತು ತಡೆಯಬೇಕು. ಕಚ್ಚಿನ ಒಳಗೆ ಏನು ಸವರಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ.

ಜಂತಿಯ ಮೇಲೆ ಒಂದೂಕಾಲು ಇಂಚಿನ ಶಹಾಬಾದ್ ಫರ್ಸಿ, ಅದರ ಮೇಲೆ ಇಟ್ಟಿಗೆ ಚೂರು ಕಲಸಿದ ಸುಣ್ಣದ ಗಚ್ಚು ಮೂರು ಇಂಚು, ಹತ್ತು ಅಡಿಗೆ ಸುಮಾರು ಎರಡೂವರೆ ಇಂಚು ಇಳಿಜಾರು. ಎಲ್ಲ ಸೇರಿ ಚದರ ಅಡಿಗೆ 20-22 ಕೆ.ಜಿ. ಮೊದಲಿನ ಭಾರದ ಮೂರನೇ ಒಂದು ಪಾಲೂ ಇಲ್ಲ. ಹೆಣ್ಣಾಳುಗಳು ಸಾಲಾಗಿ ಕೂತು ಬೆಲ್ಲದ ನೀರು ಚಿಮುಕಿಸುತ್ತ, ಕಟ್ಟಿಗೆಯ ಬಡಿಗೆ ಗಚ್ಚಿನ ಮೇಲೆ ಪುಟಿಯುವ ತನಕ ಬಡಿದರು. ಈ ಕೆಲಸದಲ್ಲಿ ಗಡಿಬಿಡಿ ಮಾಡಿದವರ ಮಾಳಿಗೆ ಎರಡನೇ ಮಳೆಗೇ ಸೋರುತ್ತದೆ.

ಸುಣ್ಣದಲ್ಲಿ ದುಡ್ಡು ಹೋಯಿತು. ಮೊದಲ ಖೇಪು ಅಂಗಡಿಯ ಚೀಲದ ಸುಣ್ಣದ ಪುಡಿ. ಒಂದು ಕೋಣೆಗೆ ಅದರ ಗಿಲಾವ್ ಹೊಡೆಸಿದೆವು. ತಿಂಗಳಾದ ಮೇಲೆ ಅಂಗೈ ಒರೆಸಿದರೆ ಬೂದಿಯಂತೆ ಉದುರಿತು. ಚೀಲದಲ್ಲಿ ಬಹಳ ದಿನ ಕೂತ ಸುಣ್ಣ ಗಾಳಿಗೇ ಕಲ್ಲಾಗಿ ಸತ್ತಿರುತ್ತದೆ, ಗೋಡೆಗೆ ಬಂದ ಮೇಲೆ ಹಿಡಿಯುವ ಕಸುವು ಉಳಿದಿರುವುದಿಲ್ಲ. ಕೂಲಿ ಸೇರಿ ನಲವತ್ತು ಸಾವಿರ ಮಣ್ಣಾಯಿತು. ಆಮೇಲೆ ಭಟ್ಟಿಯಿಂದ ಸುಡು ಸುಣ್ಣದ ಕಲ್ಲನ್ನೇ ತಂದು ಹಿತ್ತಲ ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ಮೇಲೆ ನೀರು ನಿಲ್ಲಿಸಿ ತಿಂಗಳುಗಟ್ಟಲೆ ಬಿಟ್ಟೆವು. ಬೆಣ್ಣೆ ಹದಕ್ಕೆ ಬಂತು. ಅದನ್ನು ಮೇ ತಿಂಗಳಲ್ಲಿ ಹೊಡೆದದ್ದಕ್ಕೆ ಮತ್ತೆ ಬಿರುಕು. ಕಲಬುರಗಿಯ 43 ಡಿಗ್ರಿ ಬಿಸಿಲಿಗೆ ಸುಣ್ಣ ಕಚ್ಚಿಕೊಳ್ಳುವ ಮೊದಲೇ ನೀರು ಹಾರಿತು. ನಮ್ಮ ಗೌಂಡಿ ಚಾಚಾ ಆಗಲೇ ಅಂದಿದ್ದರು, "ಸಾಹೇಬ್ರ, ಸುಣ್ಣಕ್ಕ ಗಡಿಬಿಡಿ ನಡಿಯಂಗಿಲ್ಲ, ಮಿರಗ ಮುಗೀಲಿ." ಮಿರಗ ಅಂದರೆ ಮೃಗಶಿರ ಮಳೆ. ಮಳೆ ಹಿಡಿದ ಮೇಲೆ, ಹಸಿ ಗೋಣಿತಟ್ಟು ಇಳಿಬಿಟ್ಟು ಹೊಡೆದ ಗಿಲಾವ್ ಇವತ್ತಿಗೂ ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ. ಸುಣ್ಣಕ್ಕೆ ಬೆರೆಸುವ ಬೆಲ್ಲ, ಅಳಲೆಕಾಯಿ ನೀರಿನ ಅಳತೆ ಚಾಚಾನ ಮನೆತನದ್ದು. ಅದನ್ನು ಹೇಳಲು ನನಗೆ ಹಕ್ಕಿಲ್ಲ.

ಮಾಳಿಗೆಯ ಮಣ್ಣು ಹೋದ ಮೇಲೆ ಮನೆ ಬಿಸಿಯಾಗುತ್ತದೆ ಅನ್ನುವ ಮಾತು ನಿಜ, ದಪ್ಪ ಮಣ್ಣೇ ತಂಪು ಕೊಡುತ್ತಿತ್ತು. ಅದಕ್ಕೆ ಒಂದು ಅಂಕಣದ ಮೇಲೆ ಕುಂಬಾರರ ಸಣ್ಣ ಕುಡಿಕೆಗಳನ್ನು ಬೋರಲು ಹಾಕಿ, ಸಂದಿಗೆ ಗಚ್ಚು ತುಂಬಿ ನೋಡಿದೆ. ಇನ್ನೊಂದಕ್ಕೆ ಬರೀ ದಪ್ಪ ಸುಣ್ಣ ಬಳಿಸಿದೆ. ಮಧ್ಯಾಹ್ನ ಕೆಳಗೆ ಥರ್ಮಾಮೀಟರ್ ಇಟ್ಟರೆ ಕುಡಿಕೆಯದು ಮೂರ್ನಾಲ್ಕು ಡಿಗ್ರಿ ಕಡಿಮೆ, ಸುಣ್ಣದ್ದು ಎರಡು. ಕುಡಿಕೆಗೆ ಕೂಲಿ ಬಹಳ, ಆದ್ದರಿಂದ ಮಲಗುವ ಕೋಣೆಗಳ ಮೇಲೆ ಮಾತ್ರ ಹಾಕಿಸಿದೆ. ಮನೆಯ ಹಿರಿಯಾಕೆ ಆಯಿ ಈಗ ಮಧ್ಯಾಹ್ನ ಅಲ್ಲೇ ಅಡ್ಡಾಗುತ್ತಾರೆ.

ದೊಡ್ಡ ಬಾಗಿಲಿಗೆ ಎಷ್ಟೋ ಪದರು ಆಯಿಲ್ ಪೇಂಟ್ ಇತ್ತು. ಕಾಸ್ಟಿಕ್ ಹಚ್ಚಿದರೆ ಸಾಗವಾನಿ ಕಪ್ಪಗಾಗುತ್ತದೆ, ಬಿಸಿ ಗಾಳಿಯ ಯಂತ್ರದಿಂದ ಕೆರೆದು ತೆಗೆಸಿದೆ. ಆಮೇಲೆ ಎಡ ಕದಕ್ಕೆ ಅಗಸೆ ಎಣ್ಣೆ, ಬಲ ಕದಕ್ಕೆ ನಮ್ಮದೇ ಕುಸುಬಿ ಎಣ್ಣೆ. ಕುಸುಬಿಯದು ಕಡಿಮೆ ಹಳದಿಯಾಗುತ್ತದೆ, ಬಣ್ಣ ಚೆನ್ನಾಗಿ ಉಳಿಯಿತು. ಆದರೆ ಆರಲು ಬಹಳ ಹೊತ್ತು, ಅಷ್ಟರಲ್ಲಿ ಓಣಿಯ ಧೂಳೆಲ್ಲ ಅಂಟಿತ್ತು. ಹೊರಬಾಗಿಲಿಗೆ ಅಗಸೆ, ಒಳಗಿನ ಕೆತ್ತನೆಗೆ ಕುಸುಬಿ ಅಂತ ಈಗ ನಿಯಮ ಮಾಡಿಕೊಂಡಿದ್ದೇನೆ.

ಬಚ್ಚಲು, ಶೌಚಾಲಯ ಮನೆಯೊಳಗೆ ತರಬೇಡಿ. ಹಳೇ ಗೋಡೆಯಿಂದ ಒಂದೂವರೆ ಅಡಿ ಸಂದು ಬಿಟ್ಟು ಹಿತ್ತಲಲ್ಲಿ ಬೇರೆ ಕಟ್ಟಿಸಿ, ಮೇಲೆ ಒಂದು ಚಾವಣಿ ಜೋಡಿಸಿದರಾಯಿತು. ಅಲ್ಲಿ ಮಾತ್ರ ಸಿಮೆಂಟ್ ಬಳಸಿದೆ. ವೈರಿಂಗ್ ಗೋಡೆ ಕೊರೆಯದೆ ಮೇಲಿನಿಂದಲೇ ಹೋಗಿದೆ.

ಖರ್ಚು ನೆನಪಿದ್ದಷ್ಟು: ಸುಮಾರು 2,200 ಚದರ ಅಡಿಯ ಮನೆ. ಕೆಡವಿ ಕಟ್ಟಲು ಬಂದ ಕೊಟೇಶನ್ 45 ಲಕ್ಷದ ಹತ್ತಿರ. ನಮಗೆ ಬಿದ್ದದ್ದು 24 ಲಕ್ಷ. ಕೂಲಿಯೇ 11 ಲಕ್ಷ, ಹಳೇ ಕಟ್ಟಿಗೆಗೆ 4, ಸುಣ್ಣ-ಇಟ್ಟಿಗೆಗೆ ಎರಡೂವರೆ, ಫರ್ಸಿಗೆ ಒಂದೂವರೆ, ಉಳಿದದ್ದು ಬಚ್ಚಲು, ವೈರಿಂಗು, ಜ್ಯಾಕಿ ಬಾಡಿಗೆ. ಒಂದು ಬ್ಯಾಂಕು ಮಣ್ಣಿನ ಗೋಡೆ ಅಂತ ಸಾಲ ಕೊಡಲಿಲ್ಲ. ಕಾಕಾ ತೊಗರಿ ಮಾರಿದ ಹಾಗೆಲ್ಲ ಕಂತಿನಲ್ಲಿ ಕೊಟ್ಟರು, ಕೆಲಸವೂ ಹಾಗೇ ನಿಂತು ನಿಂತು ಸಾಗಿತು. ಸುಣ್ಣಕ್ಕೂ ಗೋಡೆಗೂ ಬೇಕಾಗಿದ್ದ ಬಿಡುವು ಹಾಗೆ ಸಿಕ್ಕಿತು.

ಮುಂದಿನದು ಬೀದರಿನ ಕೆಂಪು ಕಲ್ಲಿನ ಮನೆ. ಅದರ ಗುಂಡಿಯಲ್ಲಿ ಸುಣ್ಣ ಈಗಾಗಲೇ ಅರಳುತ್ತಿದೆ. ಹಳೇ ಸಾಗವಾನಿ ಜಂತಿ ಯಾರ ಹತ್ತಿರವಾದರೂ ಇದ್ದರೆ, ಒಲೆಗೆ ಹಾಕುವ ಮೊದಲು ಒಂದು ಮಾತು ತಿಳಿಸಿ. ರೇಟಿನಲ್ಲಿ ಮೋಸ ಮಾಡುವುದಿಲ್ಲ.