ಟ್ರಯಲ್ ಮುಗಿದ ರಾತ್ರಿ ನಾನು ಮಾಡಿದ ಎಡವಟ್ಟು

ಮದುವೆ ಸೀಸನ್. ಬೆಳಗ್ಗೆ ಹತ್ತಕ್ಕೆ ಲಗ್ನಪತ್ರಿಕೆ ಪ್ರಿಂಟಿಗೆ ಹೋಗಬೇಕು. ರಾತ್ರಿ ಹನ್ನೊಂದಕ್ಕೆ ಡಿಸೈನ್ ಸಾಫ್ಟ್‌ವೇರ್ ತೆರೆದರೆ ಟ್ರಯಲ್, ಅಂದರೆ ದುಡ್ಡಿಲ್ಲದೆ ಬಳಸಿ ನೋಡುವ ಅವಧಿ, ಮುಗಿದಿದೆ ಅಂತ ಬಂತು. ಡಿಟಿಪಿ ಅಂಗಡಿಯವರು ಹಲವರು ಮಾಡುವುದನ್ನೇ ನಾನೂ ಮಾಡಿದೆ. ಟ್ರಯಲ್ ರೀಸೆಟ್ ಮಾಡುವ ಟೂಲ್ ಹುಡುಕಿ ಇಳಿಸಿಕೊಂಡೆ.

ಜಿಪ್ ಫೈಲಿಗೆ ಪಾಸ್‌ವರ್ಡ್ ಇತ್ತು. 1234. ಫೈಲಿನ ಹೆಸರಲ್ಲೇ ಬರೆದಿದ್ದರು. ಎಲ್ಲರಿಗೂ ಕಾಣುವ ಹಾಗೆ ಬರೆಯುವುದಾದರೆ ಪಾಸ್‌ವರ್ಡ್ ಯಾಕೆ? ಬೀಗ ಹಾಕಿದ ಜಿಪ್‌ನ ಒಳಗೇನಿದೆ ಅಂತ ಆಂಟಿವೈರಸ್‌ಗೆ ಸುಲಭವಾಗಿ ಕಾಣುವುದಿಲ್ಲ, ಅದಕ್ಕೆ. ಆಗ ಇದು ಹೊಳೆಯಲಿಲ್ಲ. ಜೊತೆಗಿದ್ದ ರೀಡ್‌ಮಿ ಎಂಬ ಸೂಚನೆ ಫೈಲಿನ ಮೊದಲ ಸಾಲೇ 'ಡಿಫೆಂಡರ್ ಆಫ್ ಮಾಡಿ', ಅಂದರೆ ವಿಂಡೋಸ್‌ನದೇ ಆಂಟಿವೈರಸ್. ಮಾಡಿದೆ. ಅಡ್ಮಿನ್ ಅನುಮತಿ ಕೇಳಿತು. ಯೆಸ್ ಒತ್ತಿದೆ.

ಕೆಟ್ಟಿದ್ದು ಅಲ್ಲೇ. ಟ್ರಯಲ್ ಯಾವತ್ತು ಶುರುವಾಯಿತು ಅನ್ನುವುದನ್ನು ಎಷ್ಟೋ ಸಾಫ್ಟ್‌ವೇರ್‌ಗಳು ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗದಲ್ಲಿ, ಬಚ್ಚಿಟ್ಟಿರುತ್ತವೆ. ಅದನ್ನು ಅಳಿಸಲು ಅಂತ ಕೇಳಿದ ಅನುಮತಿಯಲ್ಲೇ ಇಡೀ ಕಂಪ್ಯೂಟರ್ ಅದರ ಕೈಗೆ ಹೋಯಿತು. ಟ್ರಯಲ್ ಏನೋ ರೀಸೆಟ್ ಆಯಿತು, ಸುಳ್ಳು ಹೇಳಬಾರದು. ಪತ್ರಿಕೆಯೂ ಹೊತ್ತಿಗೆ ಸರಿಯಾಗಿ ಪ್ರಿಂಟಾಯಿತು.

ಮೂರನೇ ದಿನ ಅಂಗಡಿಯ ಮೇಲ್‌ಗೆ ಇನ್ಯಾರೋ ಲಾಗಿನ್ ಆಗಿದ್ದರು. ಅಲ್ಲಾ, ಒಟಿಪಿ ಇತ್ತಲ್ಲ! ಮೊಬೈಲಿಗೆ ಒಂದು ಮೆಸೇಜೂ ಬಂದಿರಲಿಲ್ಲ. ಆಮೇಲೆ ತಿಳಿಯಿತು, ಪಾಸ್‌ವರ್ಡ್ ಜೊತೆ ಬ್ರೌಸರ್‌ನ ಕುಕಿಯನ್ನೂ ಕದ್ದಿದ್ದರು, ಅಂದರೆ ನಾವು ಆಗಲೇ ಲಾಗಿನ್ ಆಗಿದ್ದೇವೆ ಅನ್ನುವ ಗುರುತನ್ನು. ದರ್ಶಿನಿಯ ಟೋಕನ್ ಇದ್ದ ಹಾಗೆ ಅದು. ಟೋಕನ್ ಯಾರ ಕೈಯಲ್ಲಿದ್ದರೂ ದೋಸೆ ಸಿಗುತ್ತದೆ, ದುಡ್ಡು ಕೊಟ್ಟವರು ನೀವೇನಾ ಅಂತ ಯಾರೂ ಕೇಳುವುದಿಲ್ಲ. ರೆಡ್‌ಲೈನ್, ವಿಡಾರ್ ಅಂತ ಈ ಕೆಲಸಕ್ಕೆಂದೇ ಇರುವ ಕಳ್ಳ ಪ್ರೋಗ್ರಾಂಗಳಿವೆ. ದುಡ್ಡು ಕೊಡದೆ ಸಾಫ್ಟ್‌ವೇರ್ ಓಡಿಸುವ ಇಂಥ ಕ್ರ್ಯಾಕ್‌ಗಳ ಬೆನ್ನೇರಿ ಬರುವುದು ಅವಕ್ಕೆ ಹೊಸತಲ್ಲ.

ಗಾಬರಿಯಲ್ಲಿ ಅದೇ ಕಂಪ್ಯೂಟರ್ ಮುಂದೆ ಕೂತು ಪಾಸ್‌ವರ್ಡ್ ಬದಲಾಯಿಸಿದೆ. ಹೊಸದೂ ಕಳ್ಳನಿಗೇ ಹೋಯಿತು! ಎರಡು ಗಂಟೆಯೊಳಗೆ ಅಂಗಡಿಯ ಪೇಜ್ ಕೂಡ ಕೈತಪ್ಪಿತು, ಆರು ವರ್ಷದ ಡಿಸೈನ್ ಫೋಟೋಗಳ ಸಮೇತ.

"ರೀ, ಮೊದಲು ಆ ನೆಟ್ ವೈರ್ ಕಿತ್ತಾಕ್ರೀ" ಅಂದಳು ಹೆಂಡತಿ. ನನಗಿಂತ ಅವಳ ತಲೆ ನೆಟ್ಟಗಿತ್ತು. ವೈರ್ ಕಿತ್ತು, ಅವಳ ಮೊಬೈಲಿಂದ ಎಲ್ಲ ಕಡೆ ಸೈನ್ ಔಟ್ ಮಾಡಿ, ಮತ್ತೆ ಪಾಸ್‌ವರ್ಡ್ ಬದಲಾಯಿಸಿದೆ. ರಿಕವರಿ ನಂಬರ್, ಮೇಲ್ ಫಾರ್ವರ್ಡಿಂಗ್ ನೋಡಿದೆ. ಬ್ಯಾಂಕಿಗೂ ಫೋನ್ ಮಾಡಿದೆ.

ಆಮೇಲೆ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ ಪಟ್ಟಿ, ಅಂದರೆ ತಪಾಸಣೆ ಮಾಡಬೇಡ ಅಂತ ಬಿಟ್ಟ ಜಾಗಗಳ ಪಟ್ಟಿ, ತೆರೆದರೆ, ಇಡೀ ಸಿ ಡ್ರೈವ್ ಅಲ್ಲಿ ಕೂತಿತ್ತು. ಮರುದಿನವೇ ನಾನು ಡಿಫೆಂಡರ್ ಆನ್ ಮಾಡಿದ್ದೆ, ಆದರೆ ಅದು ಸುಮ್ನೆ ಕಣ್ಣು ಮುಚ್ಚಿಕೊಂಡು ಕಾವಲು ಕಾಯುತ್ತಿತ್ತು. ಪ್ರೋಗ್ರಾಂಗಳನ್ನು ತಾನಾಗೇ ಓಡಿಸುವ ಟಾಸ್ಕ್ ಷೆಡ್ಯೂಲರ್‌ನಲ್ಲಿ, ಕಂಪ್ಯೂಟರ್‌ಗೆ ಲಾಗಿನ್ ಆದಾಗಲೆಲ್ಲ ಓಡುವ ಹೊಸ ಟಾಸ್ಕ್ ಒಂದು. ಒಂದೊಂದೇ ಹುಡುಕಿ ಕೀಳುತ್ತಾ ಕೂರಲಿಲ್ಲ. ಗೆಳೆಯನ ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ತುಂಬಿಸಿ ತಂದು ಫಾರ್ಮ್ಯಾಟ್ ಹೊಡೆದೆ. ಡಿಸೈನ್ ಫೈಲುಗಳು ಮಾತ್ರ ವಾಪಸ್ ಬಂದವು, ಒಂದು ಇಎಕ್ಸ್‌ಇಯನ್ನೂ (ಓಡಿಸುವ ಪ್ರೋಗ್ರಾಂ ಫೈಲು) ತರಲಿಲ್ಲ.

ಈಗ ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಉಚಿತ, ಯೂನಿಕೋಡ್ ಕನ್ನಡದ ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ. ಕಷ್ಟ ಇರುವುದು ನುಡಿ ತಂತ್ರಾಂಶದ ಹಳೆ ಬಗೆಯ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟ್‌ನಲ್ಲಿರುವ ಹಳೆ ಪತ್ರಿಕೆಗಳದ್ದು. ದಿನಾ ಸಂಜೆ ಎರಡು ಮೂರನ್ನು ಯೂನಿಕೋಡ್‌ಗೆ ಬದಲಾಯಿಸುತ್ತೇನೆ. ನಿನ್ನೆ 2014ರವು ಮುಗಿದವು.